ಬೋಳಿಸಿದ ತಲೆಗೊಂದು ಕಾರಣ

ಅತುಲ ಗಲಗಲಿ ಧಾರವಾಡದ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ. ವಯಸ್ಸು ನಲವತ್ತೊಂದು. ಪಾಠ ಚೆನ್ನಾಗಿ ಮಾಡುತ್ತಾನೆಂಬ ಹೆಸರಿತ್ತು. ನವನಗರದಲ್ಲಿ ಎರಡನೆಯ ಮಹಡಿಯ ಮನೆ, ಹುಬ್ಬಳ್ಳಿಯ ವಿಮಾ ಕಚೇರಿಗೆ ಹೋಗುವ ಹೆಂಡತಿ ಸುಲಭಾ, ಎಂಟನೆಯ ತರಗತಿಯ ಮಗಳು ಮಾನಸಿ. ಇಷ್ಟಿದ್ದೂ ಅವನ ದಿನ ಶುರುವಾಗುತ್ತಿದ್ದುದು ಬಚ್ಚಲಮನೆಯ ಕನ್ನಡಿಯ ಮುಂದೆ, ಯಾವ ಕಡೆಗೆ ಬಾಚಿದರೆ ಹಣೆಯ ಮೇಲಿನ ಆ ಸಾಲು ಮುಚ್ಚೀತು ಎಂಬ ಚಿಂತೆಯಲ್ಲಿ.

ಆ ಸಾಲು ಹುಟ್ಟಿದ್ದು ನಾಲ್ಕು ವರ್ಷದ ಹಿಂದೆ. ಮುಂದಲೆ ಬರಿದಾಗಿ, ನಡುನೆತ್ತಿ ತೆಳ್ಳಗಾದಾಗ ಮೊಬೈಲಿನಲ್ಲಿ ಕಂಡ ಜಾಹೀರಾತನ್ನು ನಂಬಿ ದೂರದ ದೊಡ್ಡ ಊರಿಗೆ ಹೋಗಿ ಒಂದೇ ದಿನದಲ್ಲಿ ಕೂದಲು ನೆಡಿಸಿಕೊಂಡು ಬಂದಿದ್ದ. ಡಾಕ್ಟರ ಮುಖ ಕಂಡದ್ದು ಐದೇ ನಿಮಿಷ, ಮಿಕ್ಕ ಕೆಲಸವೆಲ್ಲ ಸಹಾಯಕರದು. ವರ್ಷ ಕಳೆಯುವುದರೊಳಗೆ ಹಣೆಯ ಮೇಲೆ ದಪ್ಪ ದಪ್ಪ ಗುಚ್ಛಗಳು ಪಟ್ಟಿ ಹಿಡಿದು ನೆಟ್ಟ ಹಾಗೆ ಒಂದೇ ಗೆರೆಯಲ್ಲಿ ಎದ್ದು ನಿಂತವು. ಅವುಗಳ ಹಿಂದೆ ಎರಡು ಬೆರಳಿನಷ್ಟು ಬಯಲು. ಕೂದಲು ಕಿತ್ತ ಹಿಂದಲೆಯಲ್ಲಿ ಇಲಿ ಕಡಿದ ಕಂಬಳಿಯಂತೆ ಬಿಳಿಯ ಚುಕ್ಕೆಗಳು. ಹುಡುಗರು ಅವನಿಗೆ ‘ಬ್ರಷ್ ಸರ್’ ಎಂದು ಹೆಸರಿಟ್ಟರು. ಕಾಲೇಜಿನವರು ಅವನ ಪಾಠಗಳನ್ನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕತೊಡಗಿದಾಗ ಯಾರೋ ಕೆಳಗೆ ಬರೆದರು: ‘ಸರ್ ಲೆಕ್ಕ ಸೂಪರ್. ಕೂದಲಾ ಮಾತ್ರ ಸ್ಕೇಲ್ ಹಚ್ಚಿ ಗೀಟು ಹೊಡದಂಗ ಐತಿ.’ ಅದಕ್ಕೆ ಮುನ್ನೂರು ಮೆಚ್ಚುಗೆ ಬಿದ್ದಿತ್ತು. ಮಾನಸಿಯೂ ಅದನ್ನು ಓದಿದ್ದಳು. ಓದಿದ್ದೇನೆಂದು ಅವಳು ಹೇಳಲಿಲ್ಲ, ಆದರೆ ಅವತ್ತಿನಿಂದ ಶಾಲೆಯ ಪಾಲಕರ ಸಭೆಗೆ ಅಮ್ಮ ಒಬ್ಬಳೇ ಬಂದರೆ ಸಾಕೆಂದಳು.

ಅದಾದ ಮೇಲೆ ಅತುಲ ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದ ಡಾಕ್ಟರ್ ಭಾಗ್ಯಶ್ರೀ ಅವರನ್ನು ಕಂಡ. ಅವರು ದೀಪ ಹಿಡಿದು ಅವನ ತಲೆಯನ್ನು ಬಹಳ ಹೊತ್ತು ನೋಡಿದರು.

“ಹಿಂದಿನ ಕೂದಲಾ ಅವರು ಹೆಚ್ಚ ಕಿತ್ತುಬಿಟ್ಟಾರ್ರಿ. ಉಳದದ್ದು ಸ್ವಲ್ಪ. ಕಡಿಮಿ ಬಿದ್ದದ್ದನ್ನ ಗದ್ದದ ಕೆಳಗಿನ ದಾಡಿಯಿಂದ ತಗೋಬೇಕಾಗ್ತದ. ಮುಂದಿನ ಆ ದಪ್ಪ ಸಾಲನ್ನ ತಗದು, ಬಿಡಿಸಿ ಮತ್ತ ನೆಡಬೇಕು. ಇದು ರಿಪೇರಿ ಕೆಲಸ. ಇಪ್ಪತ್ತು ವರ್ಷದ ಹುಡುಗನ ತಲಿ ಕೊಡ್ತೀನಂತ ಹೇಳೂದಿಲ್ಲ. ಮತ್ತ ಇದೇ ಕಡೀದು, ಮೂರನೇ ಸಲಾ ನನ್ನ ಕಡೆ ಬರಬ್ಯಾಡ್ರಿ.”

ಅತುಲ ದಸರಾ ರಜೆಗೆ ದಿನ ಗೊತ್ತು ಮಾಡಿಕೊಂಡ. ರಜೆಯ ಬೆನ್ನಿಗೇ ‘ಕೌಟುಂಬಿಕ ಕಾರಣ’ ಎಂದು ಬರೆದು ಒಂದು ವಾರದ ಬಿಡುವನ್ನೂ ಸೇರಿಸಿದ. ಸುಲಭಾ ಬೇಡವೆಂದಳು. “ನಿಮ್ಮ ತಲಿ ನನಗೇನೂ ಕೆಟ್ಟ ಕಾಣ್ಸೂದಿಲ್ಲ. ಮತ್ತ ಯಾಕ ಜೀವಕ್ಕ ತ್ರಾಸ?” ಅವನು ಕೇಳಲಿಲ್ಲ. ಮಾಳಮಡ್ಡಿಯಲ್ಲಿದ್ದ ಯಜ್ಞೇಶ್ವರ ಕಾಕಾನಿಗೆ ಮಾತ್ರ ತಿಳಿಯಬಾರದೆಂದು ಅವಳಿಂದ ಮಾತು ತೆಗೆದುಕೊಂಡ.

ಕಾಕಾ ಎಂದರೆ ಅತುಲನ ತಂದೆಯ ತಮ್ಮ. ಎಪ್ಪತ್ತಾರು ವರ್ಷ, ನವಲಗುಂದದ ಹೈಸ್ಕೂಲಿನಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಸ್ವಂತ ಮಕ್ಕಳಿಲ್ಲ, ಹೆಂಡತಿ ತೀರಿ ಎಂಟು ವರ್ಷ. ಅತುಲ ಹತ್ತು ವರ್ಷದವನಿದ್ದಾಗ ತಂದೆ ಹೋದ ಮೇಲೆ ಅವನನ್ನು ತಮ್ಮ ಬಳಿ ಇಟ್ಟುಕೊಂಡು ಓದಿಸಿದವರು ಅವರೇ. ಅವರ ತಲೆ ಮೂವತ್ತನೆಯ ವಯಸ್ಸಿಗೇ ನುಣ್ಣಗಾಗಿತ್ತು, ಅದರ ಬಗ್ಗೆ ಅವರೆಂದೂ ಯೋಚಿಸಿದಂತಿರಲಿಲ್ಲ. ಮೊದಲ ಸಲ ನೆಡಿಸಿಕೊಂಡು ಬಂದಾಗ ಅವರು ಬೈಯಲಿಲ್ಲ. “ನಮ್ಮ ಮನೆತನದ ತಲಿ ನಿನಗ ಬ್ಯಾಡಾತೇನೋ?” ಎಂದು ನಕ್ಕಿದ್ದರು. ಆ ನಗು ಅತುಲನಿಗೆ ಚುಚ್ಚಿತ್ತು. ಹಾಗಾಗಿ ಈ ಸಲ ಮೈಸೂರಿನಲ್ಲಿ ಹದಿನೈದು ದಿನ ತರಬೇತಿ ಇದೆಯೆಂದು ಹೇಳಿದ. ಕಾಕಾ ದಿನಾಲು ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡುವವರು. ನವನಗರದ ಮಲಗುವ ಕೋಣೆಯಲ್ಲಿ ಕುಳಿತೇ ಅತುಲ ಮೈಸೂರಿನ ಹವೆಯ ವರದಿ ಕೊಡುತ್ತಿದ್ದ.

ಶಸ್ತ್ರಚಿಕಿತ್ಸೆ ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಸಂಜೆ ಆರಕ್ಕೆ ಮುಗಿಯಿತು. ತಲೆ ಪೂರ್ತಿ ಬೋಳಿಸಿದ್ದರು. ದಾಡಿಯ ಜೊತೆ ಮೀಸೆಯೂ ಹೋಗಿತ್ತು. ಮೊದಲ ಮೂರು ರಾತ್ರಿ ಅವನು ಕುರ್ಚಿಯಲ್ಲಿ ಒರಗಿಯೇ ನಿದ್ದೆ ಮಾಡಬೇಕಾಯಿತು. ಅರ್ಧ ತಾಸಿಗೊಮ್ಮೆ ಸುಲಭಾ ಉಪ್ಪುನೀರಿನ ಸ್ಪ್ರೇ ಹಿಡಿದು ಬಂದು ನೆತ್ತಿಗೆ ಸಿಂಪಡಿಸುತ್ತಿದ್ದಳು, ಕುಂಡದ ಗಿಡಕ್ಕೆ ನೀರು ಹೊಡೆದ ಹಾಗೆ. ಮೂರನೆಯ ದಿನ ಬಾವು ಹಣೆಯಿಂದ ಇಳಿದು ಕಣ್ಣು ಮುಚ್ಚಿತು. ಮಾನಸಿ ಬಾಗಿಲಲ್ಲಿ ನಿಂತು ನೋಡಿ ಒಳಗೆ ಬರದೆ ಹೋದಳು. ಐದನೆಯ ದಿನಕ್ಕೆ ಬಾವು ತಗ್ಗಿತು. ನೆಟ್ಟ ಒಂದೊಂದು ಕೂದಲಿನ ಬುಡದಲ್ಲೂ ಸಣ್ಣ ಹಕ್ಕಳೆ ಕಟ್ಟಿ, ತಲೆಗೆ ರಾಗಿ ಅಂಟಿಸಿದ ಹಾಗಿತ್ತು.

ಎಂಟನೆಯ ದಿನ, ಬುಧವಾರ. ಸುಲಭಾ ಕಚೇರಿಗೆ ಹೋಗಿದ್ದಳು, ಉಪ್ಪುನೀರಿನ ಬಾಟಲಿ ಖಾಲಿಯಾಗಿತ್ತು. ಸಡಿಲವಾದ ಟೋಪಿ ಹಾಕಬಹುದೆಂದು ಡಾಕ್ಟರು ಹೇಳಿದ್ದರಿಂದ ಅತುಲ ಟೋಪಿ ಹಾಕಿಕೊಂಡು ಸಮೀಪದ ಔಷಧಿ ಅಂಗಡಿಗೆ ಹೋದ. ಬಾಟಲಿ ಕೊಂಡು ತಿರುಗುತ್ತಿದ್ದಾಗ ಹಿಂದಿನಿಂದ ದನಿ ಬಂತು.

“ಗಲಗಲಿ ಸರ್ರ!”

ನೀಲಕಂಠಪ್ಪ ಸರ್. ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುವವರು, ಶಿರಗುಪ್ಪಿಯ ಕಡೆಯವರು. ನಿವೃತ್ತಿಗೆ ಇನ್ನು ಮೂರು ವರ್ಷ. ಸಿಬ್ಬಂದಿ ಕೋಣೆಯಲ್ಲಿ ಅತುಲನ ಪಕ್ಕದ ಕುರ್ಚಿ ಅವರದು. ಅವನ ಕೂದಲಿನ ಬಗ್ಗೆ ಇಷ್ಟು ವರ್ಷದಲ್ಲಿ ಒಂದು ಮಾತೂ ಆಡದ ಒಬ್ಬರೇ ಒಬ್ಬರು. ಸಂಬಂಧಿಕರ ಮನೆಗೆ ಲಗ್ನಪತ್ರಿಕೆ ಕೊಡಲು ನವನಗರಕ್ಕೆ ಬಂದಿದ್ದರು. ನಗುತ್ತ ಬಂದವರು ಹತ್ತಿರವಾದಂತೆ ಮುಖ ಇಳಿಸಿದರು. ಟೋಪಿಯ ಕೆಳಗಿನ ಬೋಳು ಕತ್ತು, ಮೀಸೆಯಿಲ್ಲದ ತುಟಿ ನೋಡಿದರು. ಬ್ರಾಹ್ಮಣರ ಮನೆಯಲ್ಲಿ ತಲೆ ಮೀಸೆ ಎರಡೂ ಯಾವಾಗ ಹೋಗುತ್ತವೆಂಬುದು ಅವರಿಗೆ ಗೊತ್ತಿತ್ತು.

“ಏನಾತ್ರೀ ಸರ್ರ? ಯಾರು ಹೋದ್ರರಿ?”

ತಿರುಪತಿಗೆ ಹೋಗಿದ್ದೆ ಎಂದಿದ್ದರೂ ಸಾಕಿತ್ತು. ಆ ಕ್ಷಣಕ್ಕೆ ಹೊಳೆಯಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನು ಅತುಲ ಬೆನ್ನ ಹಿಂದೆ ಹಿಡಿದ.

“ಕಾಕಾ,” ಎಂದ.

ಒಂದೇ ಶಬ್ದ. ಅದನ್ನು ತಿರುಗಿ ನುಂಗುವಷ್ಟರಲ್ಲಿ ನೀಲಕಂಠಪ್ಪನವರು ಅವನ ಕೈ ಹಿಡಿದುಬಿಟ್ಟಿದ್ದರು. “ಅಯ್ಯೋ ಶಿವನೇ! ನಿಮ್ಮನ್ನ ಸಾಕಿ ದೊಡ್ಡವರನ್ನ ಮಾಡಿದ ಕಾಕಾರೇನ್ರಿ? ತಂದಿ ಹೋದಂಗ ಆತಲ್ರಿ ನಿಮಗ!”

ಪಕ್ಕದ ಚಹಾ ಅಂಗಡಿಯ ಬೆಂಚಿನ ಮೇಲೆ ಅವನನ್ನು ಕೂರಿಸಿ ತಾವೂ ಕುಳಿತರು. ಆಮೇಲೆ ಹೇಳಿದರು: “ನಮ್ಮ ಅಣ್ಣ ಗುರುಬಸವ ಹೋಗಿ ಮೂರು ತಿಂಗಳಾತರಿ. ನಿಮಗ ಗೊತ್ತೈತಿ. ಆದ್ರ ಒಂದ ಮಾತ ಯಾರಿಗೂ ಹೇಳಿಲ್ಲ, ಮನಿಯಾಕಿಗೂ ಹೇಳಿಲ್ಲ. ಅವತ್ತ ಮುಂಜಾನಿ ಹನ್ನೊಂದಕ್ಕ ಅಣ್ಣ ಫೋನ್ ಮಾಡಿದ್ದರಿ. ನಾ ಪೇಪರ್ ತಿದ್ದಾಕತ್ತಿದ್ದೆ. ಆಮ್ಯಾಲ ಮಾತಾಡಿದ್ರಾತು ಅಂತ ಕಟ್ ಮಾಡಿದೆ. ಹನ್ನೆರಡಕ್ಕ ಹೊಲದಾಗ ಬಿದ್ದಾನ. ಏನ ಹೇಳಾವ ಇದ್ದನೋ ಏನೋ. ಈಗೂ ಫೋನ್ ಬಾರಿಸಿದ್ರ ಎದಿ ಝಲ್ ಅಂತೈತಿ.”

ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ. ಅತುಲ ತಲೆ ತಗ್ಗಿಸಿ ಕುಳಿತಿದ್ದ. ಈಗ ಹೇಳಬೇಕು ಎಂದುಕೊಂಡ. ಈಗ ಹೇಗೆ ಹೇಳಲಿ ಎಂದೂ ಅನ್ನಿಸಿತು. ಅಳುತ್ತಿರುವ ಮನುಷ್ಯನ ಎದುರು ಟೋಪಿ ತೆಗೆದು, ‘ಯಾರೂ ಸತ್ತಿಲ್ಲ, ಕೂದಲು ನೆಡಿಸಿಕೊಂಡಿದ್ದೇನೆ’ ಎನ್ನುವುದೆ? ನೀಲಕಂಠಪ್ಪನವರು ಏಳುವಾಗ ಅವನ ಬೆನ್ನು ತಟ್ಟಿದರು. “ನಿಮ್ಮ ಮುಂದ ಹೇಳಿ ಹಗುರಾತ್ರಿ. ಅಳು ಬಂದ್ರ ಅತ್ತುಬಿಡ್ರಿ, ತಡೀಬ್ಯಾಡ್ರಿ,” ಎಂದು ಹೋದರು.

ಅತುಲ ಮನೆ ಮುಟ್ಟುವಷ್ಟರಲ್ಲಿ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಿತ್ತು. ಓಂ ಶಾಂತಿ, ಕೈ ಮುಗಿದ ಚಿತ್ರ, ದೀಪದ ಚಿತ್ರ, ಒಂದರ ಕೆಳಗೊಂದು ನಲವತ್ತು. ಮರುದಿನ ಕಾಲೇಜು ತೆರೆಯಿತು. ಸಿಬ್ಬಂದಿ ಕೋಣೆಯಲ್ಲಿ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದರೆಂದು ಯಾರೋ ಫೋಟೋ ಸಮೇತ ಹಾಕಿದರು. ಫೋಟೋದಲ್ಲಿ ನೀಲಕಂಠಪ್ಪನವರು ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಪ್ರಿನ್ಸಿಪಾಲರು ಕಾಕಾ ಅವರ ಭಾವಚಿತ್ರ ಒಂದಿದ್ದರೆ ಕಳಿಸಿರಿ ಎಂದರು. ಅತುಲ ಫೋನನ್ನು ದಿಂಬಿನ ಕೆಳಗೆ ತುರುಕಿದ. ಆ ಬೆಳಿಗ್ಗೆಯೂ ಎಂಟಕ್ಕೆ ಕಾಕಾನ ಫೋನ್ ಬಂದಿತ್ತು. ಮೈಸೂರಿನಲ್ಲಿ ಊಟ ಸರಿಯಾಗುತ್ತದೆಯೇ ಎಂದು ಕೇಳಿದ್ದರು.

ಸುಲಭಾಳಿಗೆ ತಿಳಿದದ್ದು ಶುಕ್ರವಾರ, ರಸಾಯನಶಾಸ್ತ್ರ ಕಲಿಸುವ ಸೌಮ್ಯಾ ಸಂತಾಪ ಹೇಳಲು ಫೋನ್ ಮಾಡಿದಾಗ. ಫೋನ್ ಇಟ್ಟು ಅವಳು ಗಂಡನ ಮುಂದೆ ಬಂದು ನಿಂತಳು.

“ಬದುಕಿದ್ದ ಮನಷಾನ್ನ ಸಾಯಿಸಿಬಿಟ್ರೇನ್ರಿ? ಅದೂ ಅವರನ್ನ?”

“ಬಾಯಿ ತಪ್ಪಿ ಬಂತು ಸುಲಭಾ.”

“ಬಾಯಿ ತಪ್ಪಿದ್ದು ಬುಧವಾರ. ಇವತ್ತ ಶುಕ್ರವಾರ. ಈಗ ಫೋನ್ ಮಾಡ್ರಿ, ಹೇಳ್ರಿ.”

“ಕಾಲೇಜಿಗೆ ಹೋದಾಗ ಎದುರಿಗೇ ಹೇಳ್ತೀನಿ.”

ಸುಲಭಾ ಸ್ಪ್ರೇ ಬಾಟಲಿಯನ್ನು ಅವನ ಪಕ್ಕ ಇಟ್ಟಳು. “ಇನ್ನ ನೀವೇ ಹೊಡ್ಕೋರಿ,” ಎಂದು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಬರಲಿಲ್ಲ. ಹತ್ತರ ಸುಮಾರಿಗೆ ಬಾಗಿಲ ಗಂಟೆ ಬಾರಿಸಿತು. ಮಾನಸಿ ತೆರೆದಳು. ಕಾಕಾ ನಿಂತಿದ್ದರು, ಕೈಯಲ್ಲಿ ಅಂಟಿನುಂಡಿಯ ಡಬ್ಬಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಇಳಿದು ನಡೆದು ಬಂದು, ಎರಡು ಮಹಡಿ ಹತ್ತಿ ಏದುತ್ತಿದ್ದರು.

“ಮಾನಸಿ ನಿನ್ನೆ ಫೋನಿನ್ಯಾಗ ಹೇಳಿದಳು, ಅಪ್ಪ ಮೈಸೂರಿಗೆ ಹೋಗೇ ಇಲ್ಲ, ಆರಾಮಿಲ್ಲ ಅಂತ…” ಎನ್ನುತ್ತ ಒಳಗೆ ಬಂದವರು ಸೋಫಾದ ಮೇಲೆ ಬರಿದಲೆಯಲ್ಲಿ ಕುಳಿತ ಅತುಲನನ್ನು ನೋಡಿ ಅಲ್ಲೇ ನಿಂತರು. “ಏನೋ ಇದು! ಮೀಸಿನೂ ಇಲ್ಲ! ಯಾರು ಹೋದರೋ? ನನಗ್ಯಾಕ ಹೇಳಲಿಲ್ಲ?”

“ಯಾರೂ ಹೋಗಿಲ್ಲ ಕಾಕಾ. ಕೂದಲಾ… ಮತ್ತೊಮ್ಮೆ ಮಾಡಿಸ್ಕೊಂಡೆ.”

ಕಾಕಾ ಮೆಲ್ಲಗೆ ಅವನ ಪಕ್ಕ ಕುಳಿತರು. ಚಷ್ಮಾ ಸರಿಮಾಡಿಕೊಂಡು ತಲೆಯನ್ನು ಹತ್ತಿರದಿಂದ ನೋಡಿದರು. ಹಕ್ಕಳೆ ಉದುರಿತ್ತು. ಮುಂದಲೆ ಕೆಂಪಗೆ, ಅದರ ತುಂಬ ಮುಳ್ಳಿನಂಥ ಕುಡಿಗಳು. ಗದ್ದದ ಕೆಳಗೂ ಸಣ್ಣ ಕೆಂಪು ಚುಕ್ಕೆಗಳು. ಕಾಕಾ ಬೆರಳು ಚಾಚಿ, ಮುಟ್ಟಬಾರದೇನೋ ಎಂದು ಹಿಂದಕ್ಕೆ ತೆಗೆದುಕೊಂಡರು.

“ಭಾಳ ನೋವಾತೇನೋ?”

ಅತುಲ ಅವರ ಕೈಯಿಂದ ಡಬ್ಬಿ ಇಸಿದುಕೊಂಡು ಪಕ್ಕಕ್ಕಿಟ್ಟ.

“ಇದಕ್ಕ ಮೈಸೂರು ಯಾಕ ಬೇಕಿತ್ತು? ಇದ್ದದ್ದು ಹೇಳಿದ್ರ ನಾ ಏನು ಬಡೀತಿದ್ದೆನೇನು?”

ಅಷ್ಟರಲ್ಲಿ ಗಂಟೆ ಮತ್ತೆ ಬಾರಿಸಿತು. ನೀಲಕಂಠಪ್ಪನವರು, ಅವರ ಹಿಂದೆ ಹಣ್ಣಿನ ಚೀಲ ಹಿಡಿದ ಸೌಮ್ಯಾ. ಅಡುಗೆಮನೆಯಿಂದ ಹೊರಬಂದ ಸುಲಭಾ ಬಾಗಿಲಲ್ಲೇ ನಿಂತಳು. ಬಂದವರು ಚಪ್ಪಲಿ ಬಿಟ್ಟು, ಸಾವಾದ ಮನೆಯಲ್ಲಿ ನಡೆಯುವ ಹಾಗೆ ಸದ್ದು ಮಾಡದೆ ಒಳಗೆ ಬಂದು ಕುಳಿತರು. ನೀಲಕಂಠಪ್ಪನವರು ಹಿರಿಯರನ್ನು ಕಂಡು ಕೈ ಮುಗಿದರು.

“ನಾವು ಸರ್ರ ಕಾಲೇಜಿನವರು. ಸರ್ರ ಕಾಕಾ ತೀರಿಕೊಂಡದ್ದು ಕೇಳಿ ಮಾತಾಡಿಸಿ ಹೋಗೋಣಂತ ಬಂದ್ವಿ. ಇಂಥಾ ಹೊತ್ತಿನ್ಯಾಗ ಮನ್ಯಾಗ ದೊಡ್ಡವರು ಇರೂದು ಛಲೋ ಆತ್ರಿ. ನೀವು ಯಾರಂತ ಗೊತ್ತಾಗಲಿಲ್ಲ…”

ಕಾಕಾ ಅತುಲನ ಕಡೆ ತಿರುಗಿದರು. ಅತುಲ ನೆಲ ನೋಡುತ್ತಿದ್ದ. ಅವನ ಬೋಳುತಲೆ, ಮೀಸೆಯಿಲ್ಲದ ಮುಖ, ಹಣ್ಣಿನ ಚೀಲ, ಸುಲಭಾಳ ಕಣ್ಣು, ಎಲ್ಲವನ್ನೂ ಒಂದು ಸುತ್ತು ನೋಡಿದರು. ಮೂಲೆಯಲ್ಲಿದ್ದ ಮಾನಸಿ “ಅಜ್ಜಾ, ನೀನೇ…” ಎಂದು ಬಾಯಿ ತೆರೆದಳು. ಕಾಕಾ ಅವಳತ್ತ ಕೈ ಎತ್ತಿದರು. ಆಮೇಲೆ ಚಷ್ಮಾ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಒರೆಸುವುದು ಬೇಗ ಮುಗಿಯಲಿಲ್ಲ.

“ನಾ ಸುಲಭಾನ ತವರಮನಿ ಕಡಿಯಾಂವ್ರಿ,” ಎಂದರು. “ಸೋದರಮಾವ.”

“ಭಾಳ ಸಂಕಟದ ಮಾತರಿ. ನಾ ಅವರನ್ನ ನೋಡಿದ್ದಿಲ್ಲ. ಆದ್ರ ಇಷ್ಟ ವರ್ಷ ಸರ್ರ ಬಾಯಾಗ ಕೇಳಿ ಕೇಳಿ ನಮ್ಮವರೇ ಅನಸ್ತಿದ್ರು.” ನೀಲಕಂಠಪ್ಪನವರ ದನಿ ಭಾರವಾಯಿತು. “ಎಸ್ಸೆಸ್ಸೆಲ್ಸಿ ಗಣಿತದ ಪೇಪರಿನ ದಿನಾ ಸರ್ರಿಗೆ ಜ್ವರಾ ಬಂದಿತ್ತಂತ್ರಿ. ಕಾಕಾ ಸೈಕಲ್ ಮ್ಯಾಲ ಕೂಡಿಸ್ಕೊಂಡು ಹೋಗಿ, ಮೂರು ತಾಸು ಗೇಟಿನ ಹೊರಗ ಬಿಸಿಲಾಗ ನಿಂತಿದ್ದರಂತ. ಬರಿಯೂದು ಬಿಟ್ಟು ಕಿಟಕ್ಯಾಗ ನೋಡಿದಾಗೆಲ್ಲಾ ಅವರ ತಲಿ ಬಿಸಿಲಿಗೆ ಮಿಂಚತಿತ್ತು, ಅದನ್ನ ನೋಡಿ ಧೈರ್ಯ ಬರ್ತಿತ್ತು ಅಂತ ಹೇಳ್ತಿದ್ದರ್ರಿ.”

“ಹಂಗಂತಿದ್ದನೇನು?” ಕಾಕಾ ಕೇಳಿದರು.

“ಭಾಳ ಸಲಾ ಹೇಳ್ಯಾರ್ರಿ.”

ಅತುಲನಿಗೆ ಎದ್ದು ಓಡಿಹೋಗಬೇಕೆನಿಸಿತು. ಅವನು ಹೇಳಿದ್ದು ನಿಜವಿತ್ತು. ಬಂದವರ ಎದುರು ಅವತ್ತು ಉಳಿದಿದ್ದ ಅವನ ಮಾತುಗಳಲ್ಲಿ ನಿಜವಾಗಿದ್ದುದು ಅದೊಂದೇ. ಅದನ್ನೂ ಅವನು ಕಾಕಾನ ಎದುರು ಒಮ್ಮೆಯೂ ಹೇಳಿರಲಿಲ್ಲ. ತಲೆ ಎತ್ತಿದಾಗ ಸೌಮ್ಯಾ ಅವನ ಮುಂದಲೆಯನ್ನೇ ನೋಡುತ್ತಿದ್ದಳು. ಕೆಂಪು ಚರ್ಮ, ಸಾಲು ಸಾಲು ಚುಕ್ಕೆ, ಗದ್ದದ ಗುರುತು. ಅವಳ ಹುಬ್ಬು ಸ್ವಲ್ಪ ಗಂಟಾಗಿ, ಮತ್ತೆ ಬಿಡಿಸಿಕೊಂಡಿತು. ಅವಳು ಕಣ್ಣು ಕೆಳಗೆ ಮಾಡಿದಳು. ಅವಳಿಗೆ ಗೊತ್ತಾಯಿತು ಎಂದು ಅತುಲನಿಗೂ ಗೊತ್ತಾಯಿತು.

ಚಹಾ ಬಂತು. ಸತ್ತವರ ಮನೆಯೆಂದು ಅವರು ಬೇಡವೆಂದರು. ಹೊರಡುವಾಗ ನೀಲಕಂಠಪ್ಪನವರು ಕಾಕಾನ ಎರಡೂ ಕೈ ಹಿಡಿದು, “ಇವರನ್ನ ಸ್ವಲ್ಪ ನೋಡ್ಕೋರಿ, ಒಳಗ ಭಾಳ ನೊಂದಾರ,” ಎಂದರು. ಕಾಕಾ “ಹೂಂ,” ಎಂದರು.

ಸುಲಭಾ ಬಾಗಿಲು ಹಾಕಿದಳು. ಕಾಕಾ ನಿಂತೇ ಇದ್ದರು.

“ಯಾವತ್ತ ಹೋದೆನೋ ನಾ? ತಿಥಿನಾದರೂ ಹೇಳು.”

“ಕಾಕಾ, ತಪ್ಪಾತು. ನಾ…”

“ಸತ್ತೆ ಅಂದದ್ದಕ್ಕ ನನಗೇನೂ ಇಲ್ಲ. ಇವತ್ತಿಲ್ಲ ನಾಳೆ ಅದು ಖರೇನ ಆಗೂದು. ಆ ಮನಷಾ ಕಣ್ಣೀರು ತಂದ, ನೀ ಅದನ್ನ ನೋಡ್ಕೋತ ಕೂತಿ. ನಲವತ್ತು ವರ್ಷ ಮಕ್ಕಳಿಗೆ ಖರೇ ಹೇಳ್ರಿ ಅಂತ ಕಲಿಸಿದಾಂವ, ಇವತ್ತ ನಿನ್ನ ಮಗಳ ಮುಂದ ಸುಳ್ಳು ಹೇಳಿದೆ. ಅಕಿ ಬಾಯಿ ಮುಚ್ಚಿಸಿದೆ.” ಅವರ ದನಿ ಏರಲಿಲ್ಲ. “ನೀ ಹೋಗಿ ಹೇಳಬೇಕು. ಹೇಳೂತನಕ ನನಗ ಫೋನ್ ಮಾಡಬ್ಯಾಡ. ನಾನೂ ಮಾಡೂದಿಲ್ಲ.”

ಸುಲಭಾ ಊಟ ಮಾಡಿ ಹೋಗಿರೆಂದಳು. ಅವರು ಕೇಳದೆ ಮೆಟ್ಟಿಲಿಳಿದರು. ಮಾನಸಿ ಬಸ್‌ನಿಲ್ದಾಣದವರೆಗೆ ಅವರ ಜೊತೆ ಹೋಗಿ ಬಂದು, ಕೋಣೆಯ ಬಾಗಿಲು ಹಾಕಿಕೊಂಡಳು.

ಅತುಲ ಸೋಮವಾರ ಹೇಳಲಿಲ್ಲ, ಮಂಗಳವಾರವೂ ಹೇಳಲಿಲ್ಲ. ಗುರುವಾರ ಕೆಲಸಕ್ಕೆ ಹಾಜರಾದ. ಸಿಬ್ಬಂದಿ ಕೋಣೆಯಲ್ಲಿ ಒಬ್ಬೊಬ್ಬರೇ ಬಂದು ಭುಜ ಮುಟ್ಟಿ ಹೋದರು. ಕಸ ಗುಡಿಸುವ ದಾನವ್ವ ಕೂಡ ಕಸಬರಿಗೆ ಬದಿಗಿಟ್ಟು, “ಸಮಾಧಾನ ಮಾಡ್ಕೋರಿ ಸರ, ದೇವರಿಟ್ಟಂಗ,” ಎಂದಳು. ಅವನು ತಲೆಯಾಡಿಸಿದ. ತರಗತಿಯಲ್ಲಿ ಹುಡುಗರು ಎಂದೂ ಇಲ್ಲದಷ್ಟು ಶಾಂತರಾಗಿದ್ದರು. ‘ಬ್ರಷ್’ ಎಂಬ ಶಬ್ದ ಎಲ್ಲಿಯೂ ಕೇಳಲಿಲ್ಲ. ಇಷ್ಟು ಗೌರವ ಅವನಿಗೆ ಹದಿನಾರು ವರ್ಷದಲ್ಲಿ ಸಿಕ್ಕಿರಲಿಲ್ಲ, ಅದು ಅವನ ಮೈಯನ್ನು ಸುಟ್ಟಿತು. ಕೊನೆಯ ಅವಧಿ ಮುಗಿದ ಕೂಡಲೇ ಸಪ್ತಾಪುರದಲ್ಲಿದ್ದ ನೀಲಕಂಠಪ್ಪನವರ ಮನೆಗೆ ಹೋದ.

ಅವರು ಅಂಗಳದಲ್ಲಿ ಕುಳಿತಿದ್ದರು. ಅತುಲ ಕುಳಿತುಕೊಳ್ಳದೆ, ಟೋಪಿ ತೆಗೆದು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಭಾನುವಾರ ಮನೆಯಲ್ಲಿ ಕಂಡ ಹಿರಿಯರೇ ಕಾಕಾ ಎಂದೂ ಹೇಳಿದ.

ನೀಲಕಂಠಪ್ಪನವರು ಮೊದಲು ತಿಳಿಯದವರಂತೆ ನೋಡಿದರು. ಆಮೇಲೆ ಅವನ ತಲೆಯನ್ನು ನೋಡಿದರು. ಮುಖದ ಮೇಲೆ ಸಿಟ್ಟು ಬರಬಹುದೆಂದು ಅತುಲ ಕಾದ. ಬರಲಿಲ್ಲ. ಅವರು ಸಣ್ಣಗಾದಂತೆ ಕಂಡರು.

“ಅಂದ್ರ ಅವತ್ತ ಬೆಂಚಿನ ಮ್ಯಾಲ,” ಎಂದರು, “ನಾ ಅಣ್ಣನ ಮಾತು ಹೇಳಾಕತ್ತಾಗ, ನೀವು ಏನ ವಿಚಾರ ಮಾಡಾಕತ್ತಿದ್ರಿ?”

“ಹೆಂಗ ತಪ್ಪಿಸ್ಕೊಳ್ಳಲಿ ಅಂತ.”

“ಖರೇ ಹೇಳಿದ್ರಿ.” ಎದ್ದು ನಿಂತರು. “ಆ ಮಾತು ನನ್ನ ಹೆಂಡ್ತಿಗೆ ಹೇಳಬೇಕಿತ್ತು. ಅಕಿಗೆ ಹೇಳದ ನಿಮಗ ಹೇಳಿದೆ. ತಿರುಗಿ ತಗೊಳ್ಳಾಕ ಬರೂದಿಲ್ಲ.” ಬಾಗಿಲ ತನಕ ಹೋಗಿ ನಿಂತು ಹೇಳಿದರು: “ನಾ ಯಾರಿಗೂ ಹೇಳೂದಿಲ್ಲರಿ ಸರ್ರ. ಹೇಳೂದಿದ್ರ ನೀವೇ ಹೇಳ್ರಿ.”

ಅವತ್ತು ಸಂಜೆಯೇ ಅತುಲ ಗುಂಪಿನಲ್ಲಿ ಬರೆದ: ‘ನನ್ನ ಕಾಕಾ ಜೀವಂತವಾಗಿದ್ದಾರೆ. ಕೂದಲಿನ ಶಸ್ತ್ರಚಿಕಿತ್ಸೆಯನ್ನು ಮುಚ್ಚಿಡಲು ಸುಳ್ಳು ಹೇಳಿದೆ. ಎಲ್ಲರ ಕ್ಷಮೆ ಕೇಳುತ್ತೇನೆ.’ ನಲವತ್ತು ಓಂ ಶಾಂತಿ ಬಂದಿದ್ದ ಜಾಗದಲ್ಲಿ ಒಂದು ಉತ್ತರವೂ ಬರಲಿಲ್ಲ. ಯಾರೋ ಒಬ್ಬರು ನಗುವ ಮುಖ ಹಾಕಿ ಆಮೇಲೆ ಅಳಿಸಿದರು. ಅತುಲ ಕಾಕಾನಿಗೆ ಫೋನ್ ಮಾಡಿ, “ಹೇಳಿದೆ,” ಎಂದ. ಅವರು “ಹೂಂ” ಎಂದು ಇಟ್ಟರು. ಮರುದಿನ ಬೆಳಿಗ್ಗೆ ಎಂಟಕ್ಕೆ ಕಾಕಾನ ಫೋನ್ ಬಂತು. ಮಾತು ಹವೆಯ ಬಗ್ಗೆ, ಧಾರವಾಡದ ಹವೆಯ ಬಗ್ಗೆ.

ಪ್ರಿನ್ಸಿಪಾಲರು ಕರೆದು ಬೈದರು. ಸೋಮವಾರ ತರಗತಿಗೆ ಹೋದಾಗ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಕಾಕಾ ಚಿರಾಯುವಾಗಲಿ’ ಎಂದು ಬರೆದಿತ್ತು. ಅವನು ಒರೆಸಿ, ಅವಕಲನದ ಮೂರನೆಯ ಅಭ್ಯಾಸ ಶುರುಮಾಡಿದ.

ಅದೇ ವಾರ ನೆಟ್ಟ ಕೂದಲು ಉದುರತೊಡಗಿತು. ಬೇರು ಒಳಗೇ ಉಳಿದು ಮೇಲಿನದು ಉದುರುವುದು ರೂಢಿಯೆಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ದಿಂಬಿನ ಮೇಲೆ ಬೆಳಿಗ್ಗೆ ಸಣ್ಣ ಕಪ್ಪು ಕುಡಿಗಳನ್ನು ಕಂಡಾಗ ಒಂದೊಂದನ್ನೂ ಆರಿಸಿ ಎಣಿಸುತ್ತಿದ್ದ. ಎರಡನೆಯ ತಿಂಗಳಿಗೆ ಅವನ ತಲೆ ಮೊದಲಿಗಿಂತ ಬರಿದಾಗಿ, ಅಲ್ಲಲ್ಲಿ ಮೊಡವೆಯೆದ್ದು ಕಾಣುತ್ತಿತ್ತು. ಅವನು ಟೋಪಿ ಬಿಟ್ಟಿದ್ದ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಜನ ನೋಡುತ್ತಿದ್ದರು, ನೋಡಿ ಬೇರೆ ಕಡೆ ತಿರುಗುತ್ತಿದ್ದರು. ನೀಲಕಂಠಪ್ಪನವರು ತಮ್ಮ ಕುರ್ಚಿಯನ್ನು ಕಿಟಕಿಯ ಕಡೆಗೆ ಸರಿಸಿಕೊಂಡಿದ್ದರು. ಎದುರಾದರೆ ನಮಸ್ಕಾರ, ಅಷ್ಟೇ.

ನಾಲ್ಕನೆಯ ತಿಂಗಳಿಗೆ ನೂಲಿನಂಥ ಕೂದಲು ಬಂತು, ಏಳಕ್ಕೆ ದಪ್ಪವಾಯಿತು. ಗದ್ದದಿಂದ ತಂದವು ಮಿಕ್ಕವಕ್ಕಿಂತ ಒರಟು, ಸ್ವಲ್ಪ ಸುರುಳಿ. ಬಾಚಿದರೆ ಒಂದಕ್ಕೊಂದು ಬೆರೆತು ಹೋಗುತ್ತಿದ್ದವು. ಹಣೆಯ ಗೆರೆ ಸ್ವಲ್ಪ ಅಂಕುಡೊಂಕಾಗಿ, ದೇವರೇ ಬಿಡಿಸಿದ ಹಾಗಿತ್ತು. ನಡುನೆತ್ತಿ ಮಾತ್ರ ತೆಳ್ಳಗೇ ಉಳಿಯಿತು. ಹನ್ನೊಂದನೆಯ ತಿಂಗಳಿನಲ್ಲಿ ಡಾಕ್ಟರ್ ಭಾಗ್ಯಶ್ರೀ ಹಳೆಯ ಫೋಟೋ ಹೊಸ ಫೋಟೋ ಪಕ್ಕಪಕ್ಕ ಇಟ್ಟು, “ನಾ ಅನ್ಕೊಂಡದ್ದಕ್ಕಿಂತ ಛಲೋ ಬಂದದ,” ಎಂದು ಸಂತೋಷಪಟ್ಟರು. ಅವನೂ ನಕ್ಕ. ಹೊರಗೆ ಬಂದು ಸ್ಕೂಟರ್ ಹತ್ತಿದಾಗ ಮಾನಸಿಯ ನೆನಪಾಯಿತು. ಆ ವರ್ಷ ಶಾಲೆಯ ಸಭೆಗೆ ಬರಲು ಅವಳು ಅವನನ್ನು ಕರೆದಿದ್ದಳು. ಕರೆದದ್ದು ಕೂದಲು ಬರುವ ಮೊದಲೇ, ತಲೆ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುತ್ತಿದ್ದ ಡಿಸೆಂಬರಿನಲ್ಲಿ. ಯಾಕೆಂದು ಅವನು ಕೇಳಲಿಲ್ಲ.

ಮುಂದಿನ ದಸರಾ ರಜೆ ಮುಗಿದು ಕಾಲೇಜು ತೆರೆದ ದಿನ, ಸಿಬ್ಬಂದಿ ಕೋಣೆಯಲ್ಲಿ ಅತುಲ ಮತ್ತು ನೀಲಕಂಠಪ್ಪನವರು ಇಬ್ಬರೇ ಇದ್ದರು. ಅವರು ಪುಸ್ತಕದಿಂದ ಕಣ್ಣೆತ್ತಿ ಅವನನ್ನು ನೋಡಿದರು.

“ಕೂದಲಾ ಛಲೋ ಬಂದಾವರಿ ಸರ್ರ,” ಎಂದರು. ಕುಹಕವಿರಲಿಲ್ಲ. ಮಳೆ ಬಂತು, ಬೆಳೆ ಬಂತು ಎನ್ನುವ ಹಾಗೆ ಹೇಳಿದರು.

ಇಂಥ ಒಂದು ಮಾತಿಗಾಗಿ ಅತುಲ ಎರಡು ಸಲ ಶಸ್ತ್ರಕ್ಕೆ ತಲೆಯೊಡ್ಡಿದ್ದ. ಅವನಿಗೆ ಅವರ ಮುಖ ನೋಡಲಾಗಲಿಲ್ಲ. ಮೇಜಿನ ಮೇಲಿದ್ದ ಬಳಪದ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದ.

“ನಾ ಅಣ್ಣನ ಸುದ್ದಿ ಮನ್ಯಾಗ ಹೇಳಿದೆ,” ನೀಲಕಂಠಪ್ಪನವರು ಕಿಟಕಿಯ ಕಡೆ ನೋಡುತ್ತ ಅಂದರು. “ಹ್ವಾದ ತಿಂಗಳ.”

“ಏನಂದ್ರರಿ ಅವರು?”

“ಅತ್ತಳು. ಮತ್ತೇನಂತಾಳ.”

ಗಂಟೆ ಬಾರಿಸಿತು. ನೀಲಕಂಠಪ್ಪನವರು ಪುಸ್ತಕ ಬಗಲಿಗಿಟ್ಟುಕೊಂಡು, “ನಡ್ರಿ, ಹೊತ್ತಾತು,” ಎಂದು ಎದ್ದರು. ಇಬ್ಬರೂ ಬಾಗಿಲು ದಾಟಿ, ಒಬ್ಬರು ಎಡಕ್ಕೆ ಒಬ್ಬರು ಬಲಕ್ಕೆ, ತಮ್ಮ ತಮ್ಮ ತರಗತಿಗೆ ಹೋದರು.